ಮುಂಗಡ ಸತ್ಕಾರ

ಮೊನ್ನೆ ಮುಧೋಳದಲ್ಲಿ ನನಗೆ ಇನ್ನೊಂದು ಶಾಲು ಹೊದಿಸಿದರು. ಯಾಕೆ ಅಂತ ಮಾತ್ರ ಕೇಳಬೇಡಿ, ನನಗೂ ಗೊತ್ತಾಗಲಿಲ್ಲ. ನಾನು ಹೋದದ್ದು ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಿಕೊಡಲಿಕ್ಕೆ. ಹುಡುಗರು ಆಸಿಡ್ಡು ಚೆಲ್ಲಿ, ಪಿಪೆಟ್ಟು ಒಡೆದು, ಹೇಗೋ ಅಂಕ ಗಿಟ್ಟಿಸಿಕೊಂಡು ಹೋದ ಮೇಲೆ ಪ್ರಾಚಾರ್ಯರು "ಒಂದೆರಡ ನಿಮಿಷ ಕುಂದರ್ರಿ ಮೇಡಂ" ಅಂದರು. ಕುಂತೆ. ಶಾಲು ಬಂತು, ಹಾರ ಬಂತು, ಫೋಟೋ ಆಯಿತು. ಹಾರವನ್ನು ಹಾಕಿದ ಕೂಡಲೇ ಕೊರಳಿಂದ ತೆಗೆದು ಮೇಜಿನ ಮೇಲೆ ಇಡಬೇಕು, ಅದು ಸಭ್ಯತೆ. ಶಾಲನ್ನು ಮಾತ್ರ ಮನೆಗೆ ಒಯ್ಯಬೇಕು.

ನಮ್ಮ ಕಡೆಯ ಮಂದಿಗೆ ಸತ್ಕಾರದ ಚಟ. ಕೆಲವು ಊರಿಗೆ ಇಸ್ಪೀಟಿನ ಚಟ ಇರುತ್ತದೆ, ಕೆಲವಕ್ಕೆ ಕೋರ್ಟಿನದು, ನಮಗೆ ಇದು. ವರ್ಗವಾಗಿ ಬಂದ ಅಧಿಕಾರಿಗೆ ಸ್ವಾಗತದ ಸತ್ಕಾರ. ಅವನ ಕಾಟ ತಾಳಲಾರದೆ ನಾವೇ ಓಡಾಡಿ ಎತ್ತಂಗಡಿ ಮಾಡಿಸಿದಾಗ, ಕಣ್ಣಲ್ಲಿ ನೀರು ತಂದುಕೊಂಡು ಬೀಳ್ಕೊಡುಗೆಯ ಸತ್ಕಾರ. ಹೊಸ ಟ್ರ್ಯಾಕ್ಟರ್ ತಂದವನಿಗೆ ಮಾಡುತ್ತೇವೆ, ಎದೆಯ ಆಪರೇಶನ್ ಮಾಡಿಸಿಕೊಂಡು ಜೀವಂತ ತಿರುಗಿ ಬಂದವನಿಗೂ ಮಾಡುತ್ತೇವೆ. ಹೀಗಾಗಿ ಪ್ರತಿ ಮನೆಯ ಕಪಾಟಿನಲ್ಲೂ ಶಾಲಿನ ಗುಡ್ಡೆ. ನಮ್ಮವ್ವ ಒಂದನ್ನು ಮಿಕ್ಸರಿಗೆ ಹೊದಿಸಿದ್ದಾಳೆ, ಇನ್ನೊಂದನ್ನು ಇನ್ವರ್ಟರಿಗೆ. ಉಳಿದವನ್ನು ಇಸ್ತ್ರಿ ಮಾಡಿ ಮತ್ತೆ ಯಾರದೋ ಹೆಗಲಿಗೆ ಸಾಗಹಾಕುತ್ತಾಳೆ. ಒಮ್ಮೆ ಬೀಳಗಿಯಲ್ಲಿ ನನಗೆ ಹೊದಿಸಿದ ಶಾಲಿನ ಮೂಲೆಯಲ್ಲಿ ಇಲಿ ಕಡಿದ ಗುರುತಿತ್ತು. ಅದು ನಮ್ಮ ಮನೆಯ ಇಲಿಯೇ. ಊರೂರು ತಿರುಗಿ ದಣಿದ ಆ ಶಾಲನ್ನು ನೋಡಿ ನನಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಈ ಶಾಲುಗಳಲ್ಲಿ ಮೊತ್ತಮೊದಲನೆಯದು ನನ್ನ ಹೆಗಲೇರಿದ್ದು ಬನಹಟ್ಟಿಯ ನಮ್ಮ ಓಣಿಯಲ್ಲಿ, ನಾನು ಬಿ.ಎಸ್ಸಿ. ಮುಗಿಸಿದ ವರ್ಷ, ಸ್ಕಾಲರ್‌ಶಿಪ್ ಬಂದದ್ದಕ್ಕೆ. ಬಂದದ್ದಕ್ಕೆ ಅಂದೆನಲ್ಲ, ಅಲ್ಲೇ ಇರುವುದು ಕತೆ. ಸ್ಕಾಲರ್‌ಶಿಪ್ ಬಂದಿರಲಿಲ್ಲ.

ಜಮಖಂಡಿಯ ಕಾಲೇಜಿಗೆ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಮೊದಲು ಪಾಸಾಗಬೇಕು, ರಸಾಯನಶಾಸ್ತ್ರ ಆಮೇಲೆ. ನಾನು ಎರಡರಲ್ಲೂ ಗಟ್ಟಿ. ಅಂಕಗಳು ಚೆನ್ನಾಗಿ ಬಿದ್ದವು, ಪ್ರವೇಶ ಪರೀಕ್ಷೆಯೂ ಒಲಿಯಿತು. ಹೈದರಾಬಾದಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಸೀಟು ಸಿಕ್ಕರೆ ಆಯಿತೇ? ಫೀ, ಹಾಸ್ಟೆಲು, ಊಟ ಎಲ್ಲ ಇದೆಯಲ್ಲ. ಅದಕ್ಕೆ ಅದೇ ವಿಶ್ವವಿದ್ಯಾಲಯದವರು ಪ್ರತಿಭೆ ನೋಡಿ ಕೊಡುವ ಒಂದು ಸ್ಕಾಲರ್‌ಶಿಪ್ ಇತ್ತು. ಬೇರೆ ಅರ್ಜಿ, ಬೇರೆ ಸಂದರ್ಶನ.

ನಮ್ಮಪ್ಪ ಪ್ರೌಢಶಾಲೆಯಲ್ಲಿ ಹೆಡ್ ಕ್ಲಾರ್ಕು. ಯಾವುದಕ್ಕೂ ಪಟ್ಟನೆ ಇಲ್ಲ ಅನ್ನುವ ಮನುಷ್ಯ ಅಲ್ಲ. ಷರತ್ತು ಹಾಕಿ ಇಲ್ಲ ಅನ್ನುವ ಮನುಷ್ಯ. ಚಹಾದ ಬಸಿ ಕೆಳಗಿಟ್ಟು ತೀರ್ಪು ಕೊಟ್ಟ.

"ನೋಡವಾ ದಾನೇಶ್ವರಿ, ಮೆರಿಟ್ ಅನ್ನೂದು ಖರೇನ ಇದ್ರ ಅವ್ರ ಕರದು ರೊಕ್ಕಾ ಕೊಡ್ತಾರ. ಕೊಟ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಕೊಡಲಿಲ್ಲಂದ್ರ ಜಮಖಂಡ್ಯಾಗ ಬಿ.ಎಡ್. ಮಾಡು. ಮುಂಜಾನಿ ಹೋಗಿ ಸಂಜಿಕ ಮನೀಗೆ ಬರಬಹುದು."

ಬಿ.ಎಡ್. ಬೆನ್ನಿಗೇ ತೇರದಾಳದ ಒಂದು ಮನೆತನ ಕಾದು ಕೂತಿದೆ ಅನ್ನುವುದೂ ನನಗೆ ಗೊತ್ತಿತ್ತು. ಹುಡುಗ ಒಳ್ಳೆಯವನೇ ಇರಬೇಕು, ಪಾಪ. ಆದರೆ ನನಗೆ ಆಗ ಬೇಕಾಗಿದ್ದದ್ದು ದೊಡ್ಡ ಪ್ರಯೋಗಾಲಯ, ಹುಡುಗನಲ್ಲ. ಆ ಸ್ಕಾಲರ್‌ಶಿಪ್ ನನಗೆ ಬರಲೇಬೇಕಿತ್ತು. ಅಷ್ಟು ಆಸೆ ನಾನು ಜೀವನದಲ್ಲಿ ಮತ್ತೆ ಯಾವುದಕ್ಕೂ ಪಟ್ಟಿಲ್ಲ.

ಅರ್ಜಿ ತುಂಬಲು ಜಮಖಂಡಿಯ ಕೋರ್ಟಿನ ಎದುರಿನ ಆನ್‌ಲೈನ್ ಸೆಂಟರಿಗೆ ಹೋದೆ. ಅದರ ಮಾಲೀಕ ಪಹಣಿ, ಪಡಿತರ ಚೀಟಿ, ಪಿಂಚಣಿ, ಮದುವೆ ನೋಂದಣಿ ಎಲ್ಲ ಒಂದೇ ಕೈಯಲ್ಲಿ ಮಾಡಿ ಬಿಸಾಡುವವನು. ನನ್ನ ಅರ್ಜಿಯ ಅರ್ಧಕ್ಕೆ ಬಂದು ಅವನೂ ನಿಂತ.

"ಅಕ್ಕಾರ, ಇಲ್ಲಿ ಜೀವನದಾಗ ಎದುರಿಸಿದ ದೊಡ್ಡ ಕಷ್ಟ ಯಾವುದು ಅಂತ ಕೇಳ್ಯಾರ. ಏನ್ ಹಾಕೂಣ್ರಿ?"

ನಾನು ತಲೆ ಕೆರೆದುಕೊಂಡೆ. ಅಪ್ಪನಿಗೆ ಸಂಬಳ ಬರುತ್ತಿತ್ತು, ಹಿತ್ತಲಲ್ಲಿ ಎಮ್ಮೆ ಹಾಲು ಕೊಡುತ್ತಿತ್ತು, ಮೂರು ಹೊತ್ತು ರೊಟ್ಟಿ ಬೀಳುತ್ತಿತ್ತು. ಅಷ್ಟು ಸುಖವಾಗಿ ಬೆಳೆದದ್ದಕ್ಕೆ ಅವತ್ತು ಮೊದಲ ಸಲ ನಾಚಿಕೆಯಾಯಿತು.

"ಏನೂ ಇಲ್ಲರಿ."

"ಹಂಗಂದ್ರ ಹೆಂಗ್ರಿ! ಹೊಳಿ ಬಂದು ಮನಿ ಹೋತು ಅಂತ ಬರೀಲೇನ್ರಿ? ಅನಗವಾಡಿ ಹುಡುಗಗ ಅದನ್ನ ಬರದೀನಿ. ಛಲೋ ಬಂದೈತಿ."

"ನಮ್ಮ ಓಣೀತನಕ ಹೊಳಿ ಎಲ್ಲಿ ಬರತೈತ್ರಿ?"

"ಹೈದರಾಬಾದಿನವ್ರು ನೋಡಾಕ ಬರತಾರೇನ್ರಿ?"

ನನಗೆ ಧೈರ್ಯ ಸಾಲಲಿಲ್ಲ. ಮಗ್ಗಗಳ ಸದ್ದಿನ ನಡುವೆ ಓದಿದೆ ಅಂತ ಬರೆಸಿದೆ. ಅವರು ಅದನ್ನು ಕಷ್ಟ ಅಂತ ತಿಳಿದರೆ ತಿಳಿಯಲಿ. ನಿಜ ಹೇಳಬೇಕೆಂದರೆ ಅದು ಕಷ್ಟವೇ ಅಲ್ಲ. ನಮ್ಮ ಓಣಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಬೆಳಗಾದರೆ ಖಟಕ್ ಖಟಕ್ ಶುರು. ಅದರ ಮೇಲೆಯೇ ಮಾತು, ಜಗಳ, ಜೋಗುಳ ಎಲ್ಲ. ಬನಹಟ್ಟಿಯವರು ಗಂಟಲು ಹರಿದುಕೊಂಡು ಮಾತಾಡುತ್ತಾರೆ ಅಂತ ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಮಗೆ ಕೇಳಿಸುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿ ಮಲಗಿದ ಕೂಸು ಬೆಚ್ಚಿ ಎದ್ದು ಅಳುತ್ತಿತ್ತು. ನಾನೂ ಅಂಥ ಕೂಸೇ. ಮಗ್ಗ ನಡೆದರೆ ನನ್ನ ತಲೆ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಕಾಲೇಜಿನ ಪರೀಕ್ಷೆಗಳಲ್ಲೂ ಪ್ರವೇಶ ಪರೀಕ್ಷೆಯಲ್ಲೂ ಮಾತ್ರ ದೇವರ ದಯೆಯಿಂದ ನಾಲ್ಕು ಹಳೆಯ ಫ್ಯಾನುಗಳು ಲಟಲಟ ಅನ್ನುತ್ತಿದ್ದವು.

ಅರ್ಜಿಗೆ ಗುರುಗಳ ಶಿಫಾರಸು ಪತ್ರವೂ ಬೇಕಿತ್ತು. ನಮ್ಮ ರಸಾಯನಶಾಸ್ತ್ರದ ಸರ್ ಬಲು ಒಳ್ಳೆಯವರು. "ನೀನ ಬರ್ಕೊಂಡ ಬಾ, ನಾ ಸಹಿ ಹೊಡೀತೀನಿ" ಅಂದರು. ನನ್ನನ್ನು ನಾನೇ ಹೊಗಳಿಕೊಳ್ಳುವುದು ಹೇಗೆ? "ಈ ವಿದ್ಯಾರ್ಥಿನಿ ಸಾಮಾನ್ಯವಾಗಿ ತರಗತಿಗೆ ಬರುತ್ತಾಳೆ" ಅಂತ ಶುರು ಮಾಡಿದ್ದೆ. ಸರ್ ಓದಿ, "ಇದನ್ನ ಕೊಟ್ರ ನಿನಗ ಸ್ಕಾಲರ್‌ಶಿಪ್ ಅಲ್ಲ, ನೋಟಿಸ್ ಬರತೈತಿ" ಅಂದು, ಕಂಪ್ಯೂಟರಿನಲ್ಲಿದ್ದ ಯಾರದೋ ಹಳೆಯ ಪತ್ರ ತೆಗೆದು, ಹೆಸರು ಬದಲಿಸಿ, ಸಹಿ ಹೊಡೆದು ತಾವೇ ಕಳಿಸಿಬಿಟ್ಟರು. ಆಮೇಲೆ ನೋಡುತ್ತೇನೆ, ನಾನು ಕಾಲೇಜಿನ ಕಬಡ್ಡಿ ತಂಡದ ನಾಯಕಿ! ಬಸ್ಸಿನ ಬಾಗಿಲಲ್ಲಿ ಬಿಟ್ಟರೆ ನಾನು ಬೇರೆಲ್ಲೂ ಯಾರನ್ನೂ ತಳ್ಳಿದವಳಲ್ಲ.

ಇಷ್ಟಾದರೂ ಸಂದರ್ಶನಕ್ಕೆ ಕರೆ ಬಂತು. ಕರೆ ಅಷ್ಟೇ. ಆದರೆ ಎರಡನೇ ದಿನಕ್ಕೆ ಗಿರಮಲ್ಲ ಕಾಕಾ ಮನೆಗೆ ಬಂದ. ಅವನು ಅಪ್ಪನ ತಮ್ಮ. ಮಗ್ಗಗಳ ಮಾಲೀಕ, ಓಣಿಯ ಗೆಳೆಯರ ಬಳಗದ ಅಧ್ಯಕ್ಷ. ಬಳಗದಲ್ಲಿ ಅಧ್ಯಕ್ಷರನ್ನು ಬಿಟ್ಟರೆ ಉಳಿದವರೆಲ್ಲ ಉಪಾಧ್ಯಕ್ಷರು.

"ಅಣ್ಣಾ, ಐತ್ವಾರ ಕುಡಿಯೂ ನೀರಿನ ಘಟಕದ ಉದ್ಘಾಟನಿ ಐತಲ್ಲ, ಅದ್ರಾಗ ನಮ್ಮ ದಾನೀಗೂ ಒಂದು ಸತ್ಕಾರ ಮಾಡಿಬಿಡೂಣು."

"ಕಾಕಾ, ಇನ್ನಾ ಸಂದರ್ಶನಾನ ಆಗಿಲ್ಲ!" ನಾನು ಕೂಗಿಕೊಂಡೆ.

"ಆಗತೈತಿ ಬಿಡು. ಕರದಾರಂದ್ರ ಕೊಟ್ಟಂಗ. ಪೆಂಡಾಲ್ ಹಾಕಿರತೈತಿ, ಮೈಕ್ ಬಂದಿರತೈತಿ, ನಗರಸಭಾ ಮಾಜಿ ಅಧ್ಯಕ್ಷರು ಬಂದಿರತಾರ. ನೀ ಪಾಸಾದಿ ಅಂತ ಮತ್ತೊಮ್ಮಿ ಎಲ್ಲಾ ಹೊಸದಾಗಿ ಕಟ್ಟೂಣೇನು?"

"ಬರಲಿಲ್ಲಂದ್ರ?" ಅಂದ ಅಪ್ಪ.

"ಬರಲಿಲ್ಲಂದ್ರ ಸತ್ಕಾರ ಮಾಡಾಕ ಬರೂದಿಲ್ಲಲ್ಲಣ್ಣಾ, ಅದಕ್ಕ ಈಗ ಮಾಡೂಣು ಅನ್ನಾಕತ್ತೇನಿ."

ಈ ತರ್ಕಕ್ಕೆ ಉತ್ತರ ಇನ್ನೂ ಯಾವ ವಿಶ್ವವಿದ್ಯಾಲಯದಲ್ಲೂ ಹುಟ್ಟಿಲ್ಲ. ಅಪ್ಪ ಗೊಣಗಿದ, ನಾನು ಹಲುಬಿದೆ. ಅವ್ವ ಒಳಗಿನಿಂದ ತಾಟಿನಲ್ಲಿ ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ ಹಾಕಿಕೊಂಡು ಬಂದು ಕಾಕಾನ ಮುಂದಿಟ್ಟಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ನಾನು ಹೊಟ್ಟೆಯುರಿಯಿಂದ ನೋಡಿದೆ.

ಭಾನುವಾರ ಬೆಳಿಗ್ಗೆ ಓಣಿಯ ತಲೆಬಾಗಿಲಿಗೆ ಫ್ಲೆಕ್ಸ್ ಏರಿತ್ತು. "ಬನಹಟ್ಟಿಯ ಹೆಮ್ಮೆಯ ಪುತ್ರಿ, ಸ್ಕಾಲರ್‌ಶಿಪ್ ವಿಜೇತೆ." ನನ್ನ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿ ಹಾಕಿದ್ದರು, ಅದರಲ್ಲಿ ನಾನು ಏನೋ ಕದ್ದು ಸಿಕ್ಕಿಬಿದ್ದವಳಂತಿದ್ದೆ. ಕಾಕಾನ ಫೋಟೋ ನನ್ನದಕ್ಕಿಂತ ದೊಡ್ಡದಿತ್ತು, ಕೈ ಬೇರೆ ಮುಗಿದಿದ್ದ. ನೀರಿನ ಘಟಕಕ್ಕೆ ಇನ್ನೂ ಮೋಟರು ಬಂದಿರಲಿಲ್ಲ. ಆದರೂ ಮಾಜಿ ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು, ಒಣ ನಲ್ಲಿಗೆ ಕುಂಕುಮ ಹಚ್ಚಿದರು, ಅದೇ ಕೈಯಲ್ಲಿ ನನಗೆ ಶಾಲು ಹೊದಿಸಿದರು. ನೀರಿಲ್ಲದ ಘಟಕ, ಸ್ಕಾಲರ್‌ಶಿಪ್ಪಿಲ್ಲದ ಹುಡುಗಿ. ಇಬ್ಬರಿಗೂ ಚಪ್ಪಾಳೆ ಒಂದೇ ಸಮ ಬಿತ್ತು. "ಈ ಮಗಳು ನಾಳಿ ರಾಕೆಟ್ ಬಿಡತಾಳ" ಅಂತ ಭಾಷಣವೂ ಆಯಿತು. ನನಗೆ ವೇದಿಕೆಯ ಕೆಳಗೆ ಹೋಗಿ ಕೂತರೆ ಸಾಕಾಗಿತ್ತು.

ಇಷ್ಟಕ್ಕೇ ಮುಗಿಯಬಹುದಿತ್ತು. ಅಷ್ಟರಲ್ಲಿ ಕಾಕಾ, "ಈಗ ಹುಡುಗಿ ತಂದಿಯವರು ಎರಡು ಮಾತಾಡ್ತಾರ" ಅಂತ ಅಪ್ಪನನ್ನು ಎಳೆದು ತಂದ. ಅಪ್ಪನ ತಲೆಗೆ ಕೇಸರಿ ರುಮಾಲು ಸುತ್ತಿದರು. ಆಫೀಸಿನಲ್ಲಿ ಮೂಲೆಯ ಮೇಜಿಗೆ ಕೂತು ಸವೆದ ಮನುಷ್ಯ, ಯಾರೂ ಅವನ ತಲೆಗೆ ಏನೂ ಸುತ್ತಿರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾ ಮಾತಾಡಾವಲ್ರಿ," ಅಂದ. ಜನ ಚಪ್ಪಾಳೆ ಹೊಡೆದರು. ಅಪ್ಪನಿಗೆ ಹುರುಪು ಏರಿತು. "ನನ್ನ ಮಗಳು ಎಲ್ಲೀತನಕ ಓದತೀನಂತಾಳ, ಅಲ್ಲೀತನಕ ಓದಸ್ತೀನಿ. ಹೈದರಾಬಾದಿಗೆ ಕಳಸ್ತೀನಿ. ನಿಮ್ಮೆಲ್ಲಾರ ಮುಂದ ನಿಂತು ಹೇಳಾಕತ್ತೇನಿ."

ಶಿಳ್ಳೆ ಬಿದ್ದವು. ನಾನು ಬಾಯಿ ತೆರೆದುಕೊಂಡು ಅಪ್ಪನ ಮುಖ ನೋಡಿದೆ. ಕಣ್ಣು ಒದ್ದೆಯಾಗಿದ್ದವು. ನನ್ನವೂ ಆದವು, ಸುಳ್ಳು ಯಾಕೆ ಹೇಳಲಿ. ಹೆಂಗಸರ ಸಾಲಿನಲ್ಲಿ ಅವ್ವ ಒಬ್ಬಳೇ ಶಿಳ್ಳೆಗೂ ಸಂಬಂಧವಿಲ್ಲ, ಮಾತಿಗೂ ಸಂಬಂಧವಿಲ್ಲ ಅನ್ನುವಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಈ ಮಾತು ಕೊಡುವ ವಿಷಯದಲ್ಲಿ ಒಂದು ಗುಟ್ಟು ಹೇಳುತ್ತೇನೆ. ಅಪ್ಪ ಮನೆಯಲ್ಲಿ ಕೊಟ್ಟ ಮಾತುಗಳನ್ನೆಲ್ಲ ಕೂಡಿಟ್ಟಿದ್ದರೆ ಅದಕ್ಕೊಂದು ಬೇರೆ ಕೋಣೆ ಬೇಕಾಗುತ್ತಿತ್ತು. ಅವ್ವನಿಗೆ ಗೋಕಾಕದ ಜಲಪಾತ ತೋರಿಸುವುದು ನನ್ನ ಹುಟ್ಟಿಗಿಂತ ಹಳೆಯ ಮಾತು. ಅಡಿಗೆಮನೆಗೆ ಕಟ್ಟೆ, ಹಿತ್ತಲಿಗೆ ತಗಡು, ತಂಗಿಗೆ ಸೈಕಲ್ಲು. ಒಂದಕ್ಕೂ ಇಲ್ಲ ಅನ್ನಲಿಲ್ಲ, ಒಂದನ್ನೂ ಮಾಡಲಿಲ್ಲ. ಅಪ್ಪ ಒಬ್ಬನೇ ಅಲ್ಲ, ನಮ್ಮ ಕಡೆಯ ಗಂಡಸರೆಲ್ಲ ಹೀಗೆಯೇ. ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರು ಆಡಿದ ಮಾತಿಗೆ ಎಮ್ಮೆ ಮಾರಿಯಾದರೂ ನಿಲ್ಲುತ್ತಾರೆ. ಅಡಿಗೆಮನೆಯಲ್ಲಿ ಆಡಿದ್ದು ಒಗ್ಗರಣೆಯ ಹೊಗೆಯ ಜೊತೆ ಹೋಗಿಬಿಡುತ್ತದೆ.

ಸತ್ಕಾರವಾದ ಮೇಲೆ ನಾನು ಓಣಿಯ ಆಸ್ತಿಯಾದೆ. ಸಂದರ್ಶನ ನಮ್ಮ ಮನೆಯಲ್ಲೇ, ಕಾಕಾನ ಮಗನ ಲ್ಯಾಪ್‌ಟಾಪಿನಲ್ಲಿ. ಹೊತ್ತು ಹತ್ತಿರವಾದಂತೆ ಕಾಕಾ ಮನೆಮನೆಗೆ ಓಡಿದ. "ಏ, ಮಗ್ಗಾ ಬಂದ್ ಮಾಡ್ರೋ, ನಮ್ಮ ಹುಡುಗಿ ಇಂಟರ್‌ವ್ಯೂ ಐತಿ!" ಒಂದೊಂದೇ ಮಗ್ಗ ನಿಂತಿತು. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ, ನೇಯ್ದಷ್ಟೇ ದುಡ್ಡು. ಆದರೂ ಒಬ್ಬರೂ ತಕರಾರು ಮಾಡಲಿಲ್ಲ. ಅಷ್ಟು ಪ್ರೀತಿಯನ್ನು ನನಗೆ ಆಮೇಲೆ ಯಾವ ಶಾಲೂ ಕೊಟ್ಟಿಲ್ಲ.

ಓಣಿ ಸ್ತಬ್ಧವಾಯಿತು. ಅದರ ಜೊತೆ ನನ್ನ ತಲೆಯೂ.

ಪರದೆಯ ಮೇಲೆ ಮೂವರು ಪ್ರೊಫೆಸರುಗಳು ಕಾಣಿಸಿಕೊಂಡರು. ನೇಕಾರರ ಊರಿನವಳೆಂದು ನೋಡಿ ಪುಣ್ಯಾತ್ಮರು ಸುಲಭದ ಪ್ರಶ್ನೆಯನ್ನೇ ಕೇಳಿದರು: ಬಣ್ಣ ನೂಲಿಗೆ ಹೇಗೆ ಅಂಟಿಕೊಳ್ಳುತ್ತದೆ, ತೊಳೆದರೂ ಯಾಕೆ ಹೋಗುವುದಿಲ್ಲ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೆ ಆ ಮೌನ! ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. ಕಿಟಕಿಯ ಹೊರಗೆ ಎದುರು ಮನೆಯ ದುರ್ಗವ್ವ ಆಯಿಯ ಪಿಸುಮಾತೂ ಕೇಳಿತು.

"ಯಾಕ, ಹುಡುಗಿ ಸುಮ್ಮ ಕುಂತಾಳಲ್ಲ?"

"ವಿಚಾರ ಮಾಡಾಕತ್ತಾಳ. ನೀ ಸುಮ್ಮಿರ ಬೇ ಆಯಿ." ಇದು ಕಾಕಾ.

"ಅಷ್ಟೊತ್ತು ವಿಚಾರ ಮಾಡೂವಂಥಾದ್ದು ಏನ್ ಕೇಳ್ಯಾರ?"

ನಾನು ತೊದಲಿದೆ. ನೂಲು ಅಂದೆ, ಬಣ್ಣ ಅಂದೆ, ಮತ್ತೆ ನೂಲು ಅಂದೆ. ಕೊನೆಗೆ ಅವರಲ್ಲೊಬ್ಬರು ಕನಿಕರದಿಂದ, ನೀವು ಕಬಡ್ಡಿ ನಾಯಕಿಯಂತೆ, ಹೌದೇ ಅಂದರು. ಹೊಳೆ ಬಂತೆಂದು ಬರೆಸಲು ಧೈರ್ಯವಿಲ್ಲದ ನಾನು, ಕಬಡ್ಡಿಯ ವಿಷಯದಲ್ಲಿ ಮಾತ್ರ ತಡೆಯಿಲ್ಲದೆ ಸುಳ್ಳು ಹೇಳಿದೆ. ಯಾರ್ಯಾರನ್ನೋ ಕೆಡವಿದೆ, ಯಾವ್ಯಾವುದೋ ಪಂದ್ಯ ಗೆದ್ದೆ. ಸಂದರ್ಶನ ಮುಗಿಯಿತು. ಕಾಕಾ ಶಿಳ್ಳೆ ಹೊಡೆದ, ಮಗ್ಗಗಳು ಖಟಕ್ ಎಂದು ಶುರುವಾದವು. ನನಗೆ ಬಣ್ಣದ ಉತ್ತರವೆಲ್ಲ ಅಡಿಯಿಂದ ಮುಡಿಯವರೆಗೆ ಸಾಲಾಗಿ ನೆನಪಾಯಿತು.

ಕೆಲ ದಿನಗಳ ಮೇಲೆ, ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೊಬೈಲಿಗೆ ಫಲಿತಾಂಶ ಬಂತು. ಆಯ್ಕೆಯಾದವರಲ್ಲಿ ನಾನಿರಲಿಲ್ಲ. ಅಲ್ಲೇ ಕಬ್ಬಿನ ಹಾಲಿನ ಗಾಡಿಯ ಹಿಂದೆ ಹೋಗಿ ಅತ್ತೆ. ಪ್ರಯೋಗಾಲಯ ಹೋಯಿತು ಅಂತ ಅತ್ತೆ, ಮಗ್ಗ ನಿಲ್ಲಿಸಿದವರಿಗೆ ಯಾವ ಮುಖ ತೋರಿಸಲಿ ಅಂತ ಅತ್ತೆ. ಬಸ್ಸು ಬಂತು, ಜೀವನದಲ್ಲಿ ಮೊದಲ ಸಲ ಕರ್ಚೀಫ್ ಎಸೆಯದೆ ಹತ್ತಿ, ನಿಂತುಕೊಂಡೇ ಊರಿಗೆ ಹೋದೆ.

ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ.

"ಅಪ್ಪಾ, ಬರಲಿಲ್ಲ."

"ಏನ್ ಬರಲಿಲ್ಲ, ಬಸ್ಸೇನ?"

"ಸ್ಕಾಲರ್‌ಶಿಪ್."

ಅಪ್ಪ ಚಾಳೀಸು ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

"ಯಾರ ಮುಂದ ಹೇಳೀದಿ?"

"ಯಾರ ಮುಂದೂ ಇಲ್ಲ."

"ಹೋಗ್ಲಿ ಬಿಡವಾ. ಈಗ ಬಿ.ಎಡ್. ಅಂದ್ರ ಏನ್ ಸಣ್ಣದಲ್ಲ..." ಅಂತ ಅಪ್ಪ ಶುರು ಮಾಡುವುದಕ್ಕೂ, ಹಾದಿಯಲ್ಲಿ ಹೊರಟ ದುರ್ಗವ್ವ ಆಯಿ ಬಾಗಿಲಲ್ಲಿ ಇಣುಕುವುದಕ್ಕೂ ಸರಿಹೋಯಿತು.

"ಏನೋ ಯಪ್ಪಾ, ಮಗಳು ಹೈದರಾಬಾದಿಗೆ ಯಾವಾಗ ಹೊಂಟಾಳ? ಅವತ್ತ ಮೈಕಿನ್ಯಾಗ ಭಾಳ ಛಲೋ ಮಾತಾಡಿದಿ ನೋಡ. ಗಂಡಸಂದ್ರ ನೀನು!"

ಅಪ್ಪ ಆಯಿಯನ್ನು ನೋಡಿದ, ನನ್ನನ್ನು ನೋಡಿದ. ಸಿಕ್ಕಿಬಿದ್ದ ಗಂಡಸಿನ ಮುಖ ಎಷ್ಟು ಗಂಭೀರವಾಗಿರುತ್ತದೆಂದು ಅವತ್ತು ಗೊತ್ತಾಯಿತು.

"ಮುಂದಿನ ವಾರ, ಆಯಿ," ಅಂದ.

ಆಯಿ ಹೋದ ಮೇಲೆ ಅಪ್ಪ ಪೇಪರ್ ಮಡಿಚಿ, ಮತ್ತೆ ಬಿಚ್ಚಿದ. ಆಮೇಲೆ ಪೇಪರಿಗೇ ಹೇಳುವವನಂತೆ, "ಮ್ಯಾಲಿನ ಮನಿ ಕಟ್ಟಾಕಂತ ಕೂಡಿಟ್ಟ ರೊಕ್ಕ ಐತಲ್ಲ, ಮನಿ ಆಮ್ಯಾಲ ಕಟ್ಟಿಸಿದ್ರ ಆತು. ಏನ್ ಓಡಿ ಹೋಗೂದಿಲ್ಲ. ಬ್ಯಾಗ್ ಕಟ್ಟು" ಅಂದ. ನಾನು ಹೋಗಿ ಅಪ್ಪನ ತೋಳು ಹಿಡಿದುಕೊಂಡೆ. "ಸಾಕ ಸಾಕು" ಅಂದ, ಆದರೆ ತೋಳು ಬಿಡಿಸಿಕೊಳ್ಳಲಿಲ್ಲ.

ಅಡಿಗೆಮನೆಗೆ ಓಡಿದೆ. ಅವ್ವ ಆಗಲೇ ಪ್ರಯಾಣಕ್ಕೆಂದು ರೊಟ್ಟಿ ಬಡಿಯುತ್ತಿದ್ದಳು. ಖಡಕ್ ಮಾಡಿ ಪೇರಿಸಿದ ರೊಟ್ಟಿ ಬುಟ್ಟಿಯ ಅರ್ಧಕ್ಕೆ ಬಂದಿದ್ದವು. ಅಂದರೆ ನಾನು ಬಸ್ಸು ಇಳಿಯುವ ಮೊದಲೇ ಶುರು ಮಾಡಿದ್ದಾಳೆ.

"ಅವ್ವಾ, ಸ್ಕಾಲರ್‌ಶಿಪ್ ಬರಲಿಲ್ಲ. ಆದ್ರೂ ಅಪ್ಪ ಹೋಗು ಅಂದ!"

"ಅನ್ನಲಾರ್ದ ಎಲ್ಲಿ ಹೋಗ್ತಾನ?" ಅವ್ವ ತಲೆ ಎತ್ತಲಿಲ್ಲ. "ಅವತ್ತ ಸತ್ಕಾರ ಇಡು ಅಂತ ಗಿರಮಲ್ಲಗ ಹೇಳಿದಾಕಿ ನಾನ. ನಿಮ್ಮಪ್ಪನ ಕೈಯಾಗ ಮೈಕ್ ಕೊಡು ಅಂತಾನೂ ಹೇಳಿದ್ದೆ."

ನಾನು ರೊಟ್ಟಿ ಬುಟ್ಟಿ ಸರಿಸಿ ಅವಳ ಎದುರಿಗೇ ಕೂತೆ.

"ಯಾಕ ಬೇ? ನನಗ ಬರೂದಿಲ್ಲ ಅಂತ ಮೊದಲ ಗೊತ್ತಿತ್ತೇನ?"

"ನನಗೇನ್ ತಿಳೀತೈತಿ ನಿನ್ನ ಮೆರಿಟ್ಟು? ಅದನ್ನ ನೋಡಾಕ ದೊಡ್ಡ ದೊಡ್ಡ ಮಂದಿ ಅದಾರ." ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದಳು. "ನಾ ಹತ್ತನೇತ್ತಾ ಪಾಸಾದಾಗ ನಮ್ಮಪ್ಪನೂ ನನ್ನ ಕಾಲೇಜಿಗೆ ಕಳಸ್ತೀನಿ ಅಂದಿದ್ದ. ಮನ್ಯಾಗ ಅಂದಿದ್ದ, ಅಷ್ಟ."